ಒಂಬತ್ತು ಸೆಕೆಂಡಿನ ಗಂಡ

ನಾನು ಒಳ್ಳೆಯವನಲ್ಲ. ಇದನ್ನು ಓದಿ ಮುಗಿಸುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ, ಆದರೂ ಮೊದಲೇ ಹೇಳಿಬಿಟ್ಟರೆ ನನಗೆ ಸ್ವಲ್ಪ ಹಗುರ. ತೊಂಬತ್ತರ ದಶಕದಲ್ಲಿ ನಾನು ಟೆಂಟ್ ಸಿನಿಮಾದ ಆಪರೇಟರ್ ಆಗಿದ್ದೆ. ಒಂದೇ ಊರಲ್ಲಿ ತಳವೂರುವ ಟೆಂಟು ನಮ್ಮದಲ್ಲ. ಲೈಸೆನ್ಸಿನ ಅವಧಿ ಮುಗಿದ ಕೂಡಲೇ ಕಂಬ, ತಗಡು, ಬೆಂಚು, ಎರಡು ಪ್ರೊಜೆಕ್ಟರು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಮುಂದಿನ ಊರಿಗೆ ಹೋಗಬೇಕು. ಕೆ.ಆರ್. ಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕಿನ ಒಳಗೇ ನಾವು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆವು. ಟೆಂಟಿನ ಮಾಲೀಕರಾದ ಸಾಹುಕಾರರಿಗೆ ಆಗಲೇ ಎಪ್ಪತ್ತು ದಾಟಿತ್ತು. ಅವರ ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಮಾತು ಬೇಕಾದಾಗ ಮಾತ್ರ.

ಪಿಕ್ಚರ್ ಶುರುವಾಗುವ ಮೊದಲು ನ್ಯೂಸ್ ರೀಲು ತೋರಿಸಬೇಕು ಅನ್ನುವುದು ಸರ್ಕಾರದ ನಿಯಮ. ಮೊದಲೆಲ್ಲ ವಾರಕ್ಕೊಂದು ಹೊಸ ರೀಲು ಬರುತ್ತಿತ್ತಂತೆ. ನನ್ನ ಕಾಲಕ್ಕೆ ಹೆಂಚಿನ ಮನೆಗಳ ಮೇಲೂ ಆಂಟೆನಾ ಎದ್ದಿದ್ದವು, ಯುದ್ಧವನ್ನೂ ಕ್ರಿಕೆಟ್ಟನ್ನೂ ಜನ ಮನೆಯಲ್ಲೇ ನೋಡುತ್ತಿದ್ದರು. ಹಾಗಾಗಿ ಸಾಹುಕಾರರು ಹೊಸ ರೀಲು ತರಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಅವರ ಬಳಿ ಮೂವತ್ತು ವರ್ಷ ಹಳೆಯದೊಂದು ಡಬ್ಬಿ ಇತ್ತು. ದಿನಾ ಅದನ್ನೇ ಓಡಿಸುವುದು. ತಪಾಸಣೆಗೆ ಬಂದವರು ನ್ಯೂಸ್ ರೀಲು ತೋರಿಸುತ್ತೀರೇನ್ರೀ ಎಂದರೆ, ಒಂದು ದಿನವೂ ತಪ್ಪಿಸಿಲ್ಲ ಸ್ವಾಮಿ ಎಂದು ಎದೆ ತಟ್ಟಿ ಹೇಳಬಹುದು.

ಆ ಡಬ್ಬಿಯೊಳಗೆ ಇದ್ದದ್ದು ಹತ್ತು ನಿಮಿಷದ ಚಿತ್ರ. ಮೊದಲು ಯಾವುದೋ ದೇಶದ ದೊರೆ ವಿಮಾನದ ಮೆಟ್ಟಿಲಿಳಿದು ಟೋಪಿ ಎತ್ತುತ್ತಾನೆ, ನಮ್ಮವರು ಹಾರ ಹಾಕುತ್ತಾರೆ, ಇಬ್ಬರೂ ಉದ್ದನೆಯ ಮೇಜಿನ ಮುಂದೆ ಕೂತು ಕಾಗದಕ್ಕೆ ಸಹಿ ಮಾಡುತ್ತಾರೆ. ಆಮೇಲೆ ಒಂದು ರೈಲ್ವೆ ಸ್ಟೇಷನ್ನು. ಜವಾನರು ಉತ್ತರದ ಗಡಿಗೆ ಹೊರಟಿದ್ದಾರೆ, ಹೆಂಗಸರು ಆರತಿ ಎತ್ತುತ್ತಿದ್ದಾರೆ. ಕೊನೆಗೆ ಹಾಕಿ ಪಂದ್ಯ, ನಮ್ಮವರ ಗೋಲು, ಚಪ್ಪಾಳೆ. ಇಷ್ಟಕ್ಕೂ ಒಬ್ಬ ಗಂಭೀರ ದನಿಯ ಮಹಾನುಭಾವ ಪುರಾಣ ಓದುವವನ ಹಾಗೆ ವಿವರಣೆ ಕೊಡುತ್ತಾನೆ. ಜನಕ್ಕೆ ಆ ಹತ್ತು ನಿಮಿಷ ಎಂದರೆ ಜಾಗ ಹಿಡಿಯಲು, ಕಡಲೆಕಾಯಿ ಕೊಳ್ಳಲು, ಬೀಡಿ ಹಚ್ಚಲು ಇರುವ ಹೊತ್ತು. ನೆಲದಲ್ಲಿ ಕೂತ ಪಡ್ಡೆಗಳಿಗೆ ವಿವರಣೆ ಬಾಯಿಪಾಠ. ಅವನು ಹೇಳುವ ಮೊದಲೇ ಇವರು ಕೂಗಿ ಹೇಳುತ್ತಿದ್ದರು.

ನೋಡುವವರು ಒಬ್ಬರೇ ಇದ್ದರು. ಬೂಕನಕೆರೆಯ ಆಚೆಯ ಒಂದು ಹಳ್ಳಿಯ ಹೆಂಗಸು. ನಾನು ಮೊದಲು ಅವರನ್ನು ಕಂಡದ್ದು ಟೆಂಟು ಕೆ.ಆರ್. ಪೇಟೆಯಲ್ಲಿದ್ದಾಗ. ಐವತ್ತು ದಾಟಿದ್ದ ಗಟ್ಟಿ ಜೀವ. ಹಣೆಯಲ್ಲಿ ನಾಲ್ಕಾಣೆಯಗಲದ ಕುಂಕುಮ, ಎರಡೂ ಕೈಗೆ ಮೊಣಕೈ ಹತ್ತಿರದವರೆಗೆ ಹಸಿರು ಬಳೆ. ಹೆಂಗಸರ ಕಡೆಯ ನೆಲದಲ್ಲಿ ಕೂರದೆ, ಕಂಬ ಹಿಡಿದು ನಿಲ್ಲುವರು. ದೊರೆ ಇಳಿಯುವಾಗ ಸೆರಗು ಸರಿಮಾಡಿಕೊಳ್ಳುವರು. ರೈಲು ಬಂದಾಗ ಎರಡು ಹೆಜ್ಜೆ ಮುಂದೆ ಹೋಗುವರು. ಹಾಕಿ ಶುರುವಾಗುತ್ತಿದ್ದಂತೆ ತಿರುಗಿ ಹೊರಟೇಬಿಡುವರು. ಪಿಕ್ಚರ್ ನೋಡಿದ್ದೇ ಇಲ್ಲ. ಹೊರಟುಹೋಗುವವರ ಹತ್ತಿರ ಏನು ಟಿಕೆಟ್ ಕೇಳುವುದು ಎಂದು ಗೇಟಿನವನು ಸುಮ್ಮನೆ ಬಿಡುತ್ತಿದ್ದ.

ಕಾರಣ ಕೇಳಿದ್ದಕ್ಕೆ ಗೇಟಿನವನು ನಕ್ಕ. "ಅವ್ರ ಯಜಮಾನ್ರು ಒಳಗವ್ರೆ ಕಣಣ್ಣ, ಅದ್ಕೆ" ಎಂದ.

ಮಾತು ನಿಜವೇ ಆಗಿತ್ತು. ರೈಲಿನ ಮೂರನೆಯ ಕಿಟಕಿಯಲ್ಲಿ ಒಬ್ಬ ಜವಾನ ತಗಡಿನ ಲೋಟ ಹಿಡಿದು ಕೂತಿದ್ದಾನೆ. ಯಾರೋ ಕರೆದ ಹಾಗೆ ಈ ಕಡೆ ತಿರುಗುತ್ತಾನೆ, ಕ್ಯಾಮೆರಾ ಕಂಡು ನಾಚುತ್ತಾನೆ, ಆಮೇಲೆ ಹಲ್ಲೆಲ್ಲ ಕಾಣುವಂತೆ ನಗುತ್ತಾನೆ. ಅಷ್ಟೇ. ಒಂಬತ್ತು ಸೆಕೆಂಡು, ಹದಿಮೂರೂವರೆ ಅಡಿ ಫಿಲ್ಮು. ಅವನೇ ಅವರ ಗಂಡ.

ಕತೆಯನ್ನು ಅವರ ಬಾಯಲ್ಲೇ ಕೇಳಿದ್ದೇನೆ, ಸಾಹುಕಾರರ ಬಾಯಲ್ಲೂ ಕೇಳಿದ್ದೇನೆ. ಮದುವೆಯಾಗಿ ಒಂದು ಬೇಸಿಗೆ ಕಳೆದಿತ್ತು. ಗಂಡ ಮಿಲಿಟರಿಗೆ ವಾಪಸು ಹೋದ. ಚೀನಾದವರ ಜೊತೆ ಯುದ್ಧವಾಯಿತು. ಕಾಣೆಯಾಗಿದ್ದಾನೆ ಎಂದು ಕಾಗದ ಬಂತು. ಮನೆಯಲ್ಲಿ ಸೂತಕದ ಕಳೆ. ವರ್ಷ ತುಂಬುತ್ತಾ ಬಂದಾಗ ಬೂಕನಕೆರೆಗೆ ಇದೇ ಸಾಹುಕಾರರ ಟೆಂಟು ಬಂತು. ಯಾರೋ ಓಡಿಬಂದು, ನಿನ್ನ ಗಂಡ ಪರದೆ ಮೇಲೆ ನಗುತ್ತಾ ಕೂತವನೆ ಬಾ ಎಂದರು. ಇವರು ಹೋಗಿ ನೋಡಿದರು. ಮಾವ ನೋಡಿದರು, ಊರಿಗೂರೇ ನೋಡಿತು. ನ್ಯೂಸು ಅಂದಮೇಲೆ ಅದು ಈ ವಾರದ್ದೇ ತಾನೇ? ಮೊನ್ನೆ ಮೊನ್ನೆ ರೈಲು ಹತ್ತಿದವನು ಹೋದ ವರ್ಷ ಹೇಗೆ ಸಾಯುತ್ತಾನೆ? ಮಾವ ಆ ಸಂಜೆಯೇ ಈಡುಗಾಯಿ ಒಡೆಸಿದರು. ಸೊಸೆ ಹೊಸ ಬಳೆ ತೊಟ್ಟರು.

ನ್ಯೂಸ್ ರೀಲು ಮೊದಲು ಬೆಂಗಳೂರು ಮೈಸೂರಿನ ದೊಡ್ಡ ಟಾಕೀಸಿನಲ್ಲಿ ಓಡಿ, ಆಮೇಲೆ ತಾಲ್ಲೂಕಿನ ಟಾಕೀಸಿನಲ್ಲಿ ಸವೆದು, ಕಟ್ಟಕಡೆಗೆ ಟೆಂಟಿಗೆ ಬರುತ್ತಿತ್ತು. ಬರುವಾಗ ಅದಕ್ಕೆ ವರ್ಷ, ಒಂದೂವರೆ ವರ್ಷ ವಯಸ್ಸಾಗಿರುತ್ತಿತ್ತು. ನಮ್ಮ ಕಸುಬಿನವರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಊರಿನವರಿಗೆ ಗೊತ್ತಿರಲಿಲ್ಲ. ಅವರು ಕೇಳಲಿಲ್ಲ, ಸಾಹುಕಾರರು ಹೇಳಲಿಲ್ಲ. ಹೇಳುವುದಿರಲಿ, ಆ ಡಬ್ಬಿಯನ್ನು ವಾಪಸು ಕಳಿಸಲೇ ಇಲ್ಲ. ನಮ್ಮೂರ ಹೈದ ಅದರಲ್ಲಿದ್ದಾನೆ ಎಂದು ಸುತ್ತಲಿನ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ, ಅಂಥ ಡಬ್ಬಿಯನ್ನು ಯಾರು ಬಿಡುತ್ತಾರೆ.

ಗಾಡಿಗಳು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಆ ಹೆಂಗಸು ಮಾತ್ರ ನಿಂತಿರಲಿಲ್ಲ. ಟೆಂಟು ಎಲ್ಲಿಗೆ ಹೋದರೂ ತಿಂಗಳಿಗೊಂದು ಸಲ ಬರುವರು. ಕೆ.ಆರ್. ಪೇಟೆಗೆ ನಡೆದು, ಪಾಂಡವಪುರಕ್ಕೆ ಒಂದು ಬಸ್ಸು, ನಾಗಮಂಗಲಕ್ಕೆ ಎರಡು ಬಸ್ಸು. ಫಸ್ಟ್ ಶೋ ನ್ಯೂಸ್ ರೀಲು ನೋಡಿ ಕೊನೆಯ ಬಸ್ಸು ಹಿಡಿಯುವರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೈದುನನ ಮನೆಯ ಆರು ಎಮ್ಮೆ ಕರೆಯಬೇಕಿತ್ತು.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನಿಜ ಹೇಳುತ್ತಿದ್ದೇನೆ. ಶೋಗೆ ಮೊದಲು ಕ್ಯಾಬಿನ್ನಿನ ಬಾಗಿಲಿಗೆ ಬಂದು, "ಅಪ್ಪಾ, ಇವತ್ತು ವಸಿ ನಿದಾನಕ್ಕೆ ಬುಡಪ್ಪ" ಎನ್ನುವರು. ಮಿಷಿನ್ನಿಗೆ ನಿಧಾನ ಬೇಗ ಎಂಬುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಮುಂದಿನ ತಿಂಗಳು ಮತ್ತೆ ಅದೇ ಮಾತು. ಮಿಷಿನ್ನಿನ ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿಯ ಹೊಗೆ ಕುಡಿದು ಕುಡಿದು ನನ್ನ ಎದೆ ಕಟ್ಟಿತ್ತು, ವಯಸ್ಸು ಮೂವತ್ತು ದಾಟಿದರೂ ಹೆಣ್ಣು ಕೊಡುವವರಿಲ್ಲ, ಟೆಂಟು ಇವತ್ತೋ ನಾಳೆಯೋ ಮುಚ್ಚುತ್ತದೆ. ಇಂಥವನ ಮುಂದೆ ಒಬ್ಬಳು ಇಲ್ಲದ ಗಂಡನಿಗಾಗಿ ಬಸ್ಸು ಹತ್ತಿ ಬರುತ್ತಾಳೆ ಎಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಪಾಂಡವಪುರದಲ್ಲಿ ಒಂದು ಸಂಜೆ ನೆಲದ ತುಂಬ ಜನ. ಮೊದಲನೆಯ ದಿನದ ಪಿಕ್ಚರ್. ಇವರು ಎಂದಿನಂತೆ ಕಂಬ ಹಿಡಿದು ನಿಂತಿದ್ದರು. ರೈಲು ಬಂತು. ಮೊದಲನೆಯ ಕಿಟಕಿ, ಎರಡನೆಯ ಕಿಟಕಿ. ನಾನು ಲೆನ್ಸಿನ ಮುಂದೆ ಅಂಗೈ ಅಡ್ಡ ಹಿಡಿದೆ. ಪರದೆ ಕಪ್ಪಾಯಿತು. ಒಳಗಿನ ವಿವರಣೆ ಮಾತ್ರ ಕೇಳುತ್ತಿತ್ತು. ಮನಸ್ಸಿನಲ್ಲೇ ಒಂಬತ್ತು ಎಣಿಸಿ ಕೈ ತೆಗೆದೆ. ಹಾಕಿ ಶುರುವಾಗಿತ್ತು.

ಪಡ್ಡೆಗಳಿಗೆ ಕೂಡಲೇ ಗೊತ್ತಾಯಿತು. ನೆಲದವರೆಲ್ಲ ಬಿದ್ದು ಬಿದ್ದು ನಕ್ಕರು. "ಅಮ್ಮೋ, ನಿಮ್ ಯಜಮಾನ್ರು ಇವತ್ತು ಡ್ಯೂಟಿಗ್ ಓಗವ್ರೆ!" ಎಂದು ಒಬ್ಬ ಕೂಗಿದ. ಹೆಂಗಸರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಆಗ ಆದ ಖುಷಿಯನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಅವತ್ತು ಬೆಕ್ಕು ನಾನೇ. ಅವರು ಹಾಕಿ ಮುಗಿಯುವವರೆಗೂ ನಿಂತಿದ್ದರು, ಎಲ್ಲಿಯಾದರೂ ಬಂದಾನು ಎಂದು. ಆ ರಾತ್ರಿ ಬಸ್ಸು ತಪ್ಪಿತಂತೆ. ಬಸ್ ಸ್ಟ್ಯಾಂಡಿನಲ್ಲೇ ಮಲಗಿದರಂತೆ. ಮನೆಗೆ ಹೋದಮೇಲೆ ಎಮ್ಮೆ ಕರೆಯದೆ ಕೆಚ್ಚಲು ಬಿಗಿದವು ಎಂದು ಮೈದುನ ಕಪಾಳಕ್ಕೆ ಹೊಡೆದನಂತೆ. ಮುಂದಿನ ತಿಂಗಳು ಬಂದಾಗ ಇದನ್ನೆಲ್ಲ ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ ಹೇಳಿದರು. ಬಂದೇ ಬಂದರು, ನೋಡಿ.

ಟೆಂಟು ಶ್ರೀರಂಗಪಟ್ಟಣದ ಹತ್ತಿರ ಕಿರಂಗೂರಿಗೆ ಬಂದ ವರ್ಷ ಆ ಮೈದುನನ ಮಗಳಿಗೆ ಮದುವೆ ಗೊತ್ತಾಯಿತು. ಗಂಡಿನವರು ನಾಗಮಂಗಲದ ಕಡೆಯವರು. ವೀಳ್ಯ ಶಾಸ್ತ್ರಕ್ಕೆ ಬಂದಾಗ ಅವರ ಮನೆಯ ಹಿರಿಯ ಹೆಂಗಸು ಇವರ ಕೈಯ ಕುಂಕುಮ ತೆಗೆದುಕೊಳ್ಳಲಿಲ್ಲ. ಮೂವತ್ತು ವರ್ಷದಿಂದ ಗಂಡನ ಮುಖ ಕಾಣದವಳು ಮುತ್ತೈದೆಯೋ ಅಲ್ಲವೋ? ಅವಳು ಅರಿಶಿನ ಹಚ್ಚಿದರೆ ಹುಡುಗಿಯ ಗತಿ ಏನು? ಒಂದೋ ಇತ್ತ, ಇಲ್ಲ ಅತ್ತ, ತೀರ್ಮಾನ ಮಾಡಿ ಎಂದರು. ಪುರೋಹಿತರನ್ನು ಕೇಳಿದರು. ಹನ್ನೆರಡು ವರ್ಷ ಸುದ್ದಿ ಇಲ್ಲದವನಿಗೆ ದರ್ಭೆಯ ಬೊಂಬೆ ಮಾಡಿ ಸುಡುವ ಶಾಸ್ತ್ರವಿದೆ, ಶ್ರೀರಂಗಪಟ್ಟಣದ ಕಾವೇರಿ ದಡದ ಪಶ್ಚಿಮವಾಹಿನಿಯಲ್ಲಿ ಮುಗಿಸಿಬಿಡಿ ಎಂದರು. ಮೂವತ್ತು ವರ್ಷ ಬದುಕಿದ್ದವನು ಲಗ್ನಪತ್ರಿಕೆ ಅಚ್ಚಾಗುವ ಮೊದಲು ಸಾಯಬೇಕಾಯಿತು.

ಆ ಹೆಂಗಸು ಒಪ್ಪಲಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ, ಯುದ್ಧ ಮುಗಿದ ಮೇಲೆ ಕಂಡಿದ್ದೇನೆ, ಟೆಂಟಿನವರನ್ನೇ ಕೇಳಿ ಎಂದು ಹಟ ಹಿಡಿದರು. ಹಾಗಾಗಿ ಒಂದು ಮಧ್ಯಾಹ್ನ ಅವರನ್ನು ಕರೆದುಕೊಂಡು ಮೈದುನ ಮತ್ತು ಊರಿನ ಇಬ್ಬರು ಹಿರಿಯರು ನಮ್ಮ ಟೆಂಟಿಗೆ ಬಂದರು. ಮೈದುನ ಮೊದಲು ನನ್ನನ್ನು ತಗಡಿನ ಹಿಂದಕ್ಕೆ ಕರೆದುಕೊಂಡು ಹೋದ.

"ಡಬ್ಬಿ ಮ್ಯಾಲೆ ತಾರೀಕು ಇರ್ತದಂತಲ್ಲ, ಓದ್ಬುಡ್ಲಾ. ಇರೋದ್ನೇ ಓದು, ಸುಳ್ಳೇನ್ ಯೋಳ್ಬೇಡ."

ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಡಬ್ಬಿಯ ಮುಚ್ಚಳದೊಳಗೆ ಚೀಟಿ ಅಂಟಿಸಿತ್ತು, ಫಿಲ್ಮಿನ ಮೊದಲ ತುಂಡಿನ ಮೇಲೂ ಬರೆದಿತ್ತು. ತಿಂಗಳು, ವರ್ಷ. ಯುದ್ಧ ಶುರುವಾಗುವುದಕ್ಕೂ ಮೊದಲಿನದು. ನಾನು ಎಷ್ಟೋ ವರ್ಷದಿಂದ ದಿನಾ ನೋಡುತ್ತಿದ್ದ ಅಕ್ಷರ ಅದು. ಗಟ್ಟಿಯಾಗಿ ಓದಿದೆ. ಮನಸ್ಸಿನ ಯಾವುದೋ ಮೂಲೆಯಲ್ಲಿ, ಇನ್ನು ಇವರ ಕಾಟ ತಪ್ಪಿತು ಅನ್ನಿಸಿತು.

ಅವರಿಗೆ ಓದು ಬರದು. "ಎಲ್ಲಿ?" ಎಂದರು. ತೋರಿಸಿದೆ. ಚೀಟಿಯ ಮೇಲೆ ಬೆರಳಿಟ್ಟುಕೊಂಡೇ ಸಾಹುಕಾರರ ಕಡೆ ತಿರುಗಿದರು.

"ಬೂಕನಕೆರೇಲಿ ನಾನು ನೋಡ್ದಾಗ್ಲೇ ಇದು ಹಳೇದಾ ಸಾವ್ಕಾರ್ರೇ?"

ಸಾಹುಕಾರರು ಎಲೆ ಅಗಿಯುತ್ತಲೇ ತಲೆಯಾಡಿಸಿದರು.

"ನಿಮ್ಗೆ ಆಗ್ಲೇ ಗೊತ್ತಿತ್ತಾ?"

"ನಂಗೊಬ್ಬಂಗೇನವ್ವ, ನಿನ್ ಮಾವಂಗೂ ಗೊತ್ತಿತ್ತು. ಮಾರ್ನೇ ದಿನವೇ ಬಂದು ಕೇಳ್ಕಂಡ್ ಓದ್ರು" ಎಂದರು ಸಾಹುಕಾರರು.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಮೈದುನ ಈಗ ಬಾಯಿ ಬಿಟ್ಟ. ಇನ್ನು ಮುಚ್ಚಿಟ್ಟು ಏನು ಫಲ ಎಂದುಕೊಂಡನೋ ಏನೋ.

"ಆಮ್ಯಾಕೆ ಮಿಲ್ಟ್ರಿಯಿಂದ ಇನ್ನೊಂದ್ ಕಾಗ್ದನೂ ಬಂದಿತ್ತು ಅತ್ಗೆ. ಸತ್ತವ್ನೆ ಅಂತ್ಲೇ ಬರ್ದಿದ್ರು. ಅಪ್ಪಯ್ಯ ಮೇಷ್ಟ್ರ ಕೈಲಿ ಓದ್ಸಿ ಪೆಟ್ಗೇಲಿ ಮಡಗ್ಬುಟ್ರು. ಅವ್ವ ಆಸ್ಗೆ ಇಡ್ದಿದ್ಲು, ನಾವು ಚಿಕ್ಕೋರು. ನೀನು ತವ್ರಿಗೆ ಒಂಟೋಗಿದ್ರೆ ಮನೆ ನೋಡ್ಕಳೋರು ಯಾರಿದ್ರು?"

ಅದನ್ನು ಅವನು ತಪ್ಪೊಪ್ಪಿಕೊಳ್ಳುವವನಂತೆ ಹೇಳಲಿಲ್ಲ. ನ್ಯಾಯ ಹೇಳುವವನಂತೆ ಹೇಳಿದ. ಹಿರಿಯರಿಬ್ಬರೂ ಹೌದಪ್ಪಾ ಎನ್ನುವಂತೆ ಗೋಣು ಆಡಿಸಿದರು. ಆ ಹೆಂಗಸು ಅತ್ತೆಯ ಮಲಮೂತ್ರ ಬಾಚಿದ್ದು, ಈ ಮೈದುನನನ್ನೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು, ಅವನ ಹೆಂಡತಿಯ ಬಾಣಂತನ ಮಾಡಿದ್ದು, ಎಲ್ಲವೂ ಪೆಟ್ಟಿಗೆಯಲ್ಲಿದ್ದ ಒಂದು ಕಾಗದದ ಮೇಲೆ ನಡೆದಿತ್ತು. ಅವರು ಅಳಲಿಲ್ಲ. ಡಬ್ಬಿಯ ಮುಚ್ಚಳವನ್ನು ತಾವೇ ಮುಚ್ಚಿದರು.

ಹೊರಡುವಾಗ ಮೈದುನ ಇನ್ನೊಂದು ಮಾತು ತೆಗೆದ. ಬೊಂಬೆಯ ಜೊತೆ ಸತ್ತವನದು ಏನಾದರೂ ಇಡಬೇಕಂತೆ. ಬಟ್ಟೆಯಿಲ್ಲ, ಫೋಟೋ ಇಲ್ಲ. ಅಣ್ಣ ಇರುವುದು ಇದರಲ್ಲಿ ಮಾತ್ರ, ಒಂದು ಗೇಣು ಕತ್ತರಿಸಿಕೊಂಡು ನೀನೇ ಬಾ ಎಂದ.

ಕತ್ತರಿಸಿದರೆ ಜಾಯಿಂಟ್ ಹಾಕಬೇಕು. ಎರಡು ತುದಿ ಕೆರೆದು, ಫಿಲ್ಮು ಅಂಟಿಸುವ ಸಿಮೆಂಟು ಹಚ್ಚಿ, ಒತ್ತಿ ಹಿಡಿದು ಕೂರಬೇಕು. ಯಾರಿಗೆ ಬೇಕು ಆ ರಗಳೆ? ಕ್ಯಾಬಿನ್ನಿನ ಮೂಲೆಯಲ್ಲಿ ಹರಿದ ಚೂರುಗಳ ತಗಡಿನ ಡಬ್ಬವಿತ್ತು. ಅದರಲ್ಲಿ ಇದೇ ರೀಲಿನ ಒಂದು ತುಂಡು ಸಿಕ್ಕಿತು, ದೊರೆ ವಿಮಾನದಿಂದ ಇಳಿದು ಟೋಪಿ ಎತ್ತುವುದು. ಉಗುರಿನಷ್ಟು ಚಿತ್ರ, ಯಾರಿಗೆ ಗೊತ್ತಾಗುತ್ತದೆ? ಅದನ್ನೇ ಜೇಬಿಗೆ ಹಾಕಿಕೊಂಡು ಹೋದೆ.

ಪಶ್ಚಿಮವಾಹಿನಿಯಲ್ಲಿ ಅವತ್ತು ಇನ್ನೂ ಮೂರು ನಾಲ್ಕು ಮನೆಯವರ ಕರ್ಮ ನಡೆಯುತ್ತಿತ್ತು. ಪುರೋಹಿತರು ಅವಸರದಲ್ಲಿದ್ದರು. ದರ್ಭೆಯ ಬೊಂಬೆಯನ್ನು ಕಟ್ಟಿಗೆಯ ಮೇಲೆ ಮಲಗಿಸಿ, ಮುಖ ಇರಬೇಕಾದ ಕಡೆ ನಾನು ಕೊಟ್ಟ ತುಂಡನ್ನು ಇಟ್ಟರು. ಮೈದುನ ಬೆಂಕಿ ಕೊಟ್ಟ. ದರ್ಭೆ ಭಗ್ಗನೆ ಹತ್ತಿತು. ಫಿಲ್ಮು ಹತ್ತಲಿಲ್ಲ. ಆ ಕಾಲದ ರೀಲುಗಳನ್ನು ಬೆಂಕಿ ಹಿಡಿಯದ ಹಾಗೇ ಮಾಡುತ್ತಿದ್ದರು. ಸುರುಟಿಕೊಂಡಿತು, ಕಪ್ಪಗೆ ಹೊಗೆ ಬಿಟ್ಟಿತು, ಕೆಟ್ಟ ನಾತ ಹೊಡೆಯಿತು. ಪುರೋಹಿತರು ಕೋಲಿನಿಂದ ಒಳಗೆ ತಳ್ಳಿದರೂ ಮತ್ತೆ ಮೇಲಕ್ಕೇ ಬರುತ್ತಿತ್ತು.

"ಉರೀತಿಲ್ಲ" ಎಂದರು ಆ ಹೆಂಗಸು. ಎಲ್ಲರೂ ತಿರುಗಿ ನೋಡಿದರು. "ನೋಡ್ರಪ್ಪ, ಅವ್ರು ಉರೀತಿಲ್ಲ. ಸತ್ತಿದ್ರೆ ಉರೀಬೇಕಾಗಿತ್ತಲ್ವಾ?"

"ಉರೀತದೆ ಸುಮ್ಕಿರಮ್ಮ" ಎಂದು ಪುರೋಹಿತರು ಗದರಿದರು.

ಆಮೇಲೆ ಇಬ್ಬರು ಮುದುಕಿಯರು ಅವರನ್ನು ನೀರಿನ ಅಂಚಿಗೆ ಕರೆದುಕೊಂಡು ಹೋಗಿ ಕೈಗಳನ್ನು ಕಲ್ಲಿಗೆ ಬಡಿದರು. ಬಳೆ ಬಹಳ ಇದ್ದವು, ಒಂದೇ ಏಟಿಗೆ ಒಡೆಯಲಿಲ್ಲ. ಕುಂಕುಮ ಒರೆಸಿದರು. ತಾಳಿ, ಕಾಲುಂಗುರ ತೆಗೆದರು. ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು, ಸೋಪು ಹಚ್ಚಿ ಎಳೆದರು. ನಾನು ಹೊರಟುಬಿಡಬಹುದಿತ್ತು. ಅಲ್ಲೇ ಮೆಟ್ಟಿಲ ಮೇಲೆ ನಿಂತು ಪೂರ್ತಿ ನೋಡಿದೆ. ಸುಡುತ್ತಿರುವುದು ಅವರ ಗಂಡನನ್ನಲ್ಲ ಎಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ನಾಚಿಕೆಯಾಯಿತು, ಆದರೆ ಬಾಯಿ ತೆರೆಯುವಷ್ಟು ಆಗಲಿಲ್ಲ.

ಮದುವೆ ನಡೆಯಿತು. ವಿಧವೆ ಎದುರಿಗೆ ಬರಬಾರದು ಎಂದು ಮೂರು ದಿನ ಅವರನ್ನು ಕೊಟ್ಟಿಗೆಯಲ್ಲಿ ಇರಿಸಿದರಂತೆ. ಎಮ್ಮೆ ಹೇಗೂ ಅಲ್ಲೇ ಇದ್ದವಲ್ಲ.

ಅದಾಗಿ ಒಂದು ತಿಂಗಳಿಗೆ ಅವರು ಟೆಂಟಿಗೆ ಬಂದರು. ಇನ್ನು ಬರುವುದಿಲ್ಲ ಎಂದುಕೊಂಡಿದ್ದ ನಾನು ಮಾಮೂಲಿನಂತೆ ರೀಲು ಓಡಿಸುತ್ತಿದ್ದೆ. ಕಿಂಡಿಯಲ್ಲಿ ಇಣುಕಿದಾಗ ಕಂಬದ ಹತ್ತಿರ ಬೋಳು ಹಣೆ ಕಂಡಿತು. ಮೊದಲು ಗುರುತು ಸಿಗಲಿಲ್ಲ. ಸಿಕ್ಕುವಷ್ಟರಲ್ಲಿ ರೈಲು ಬಂದುಬಿಟ್ಟಿತ್ತು. ಕೈ ಅಡ್ಡ ಇಡಬೇಕಾಗಿದ್ದ ದಿನ ಅದು, ಕೈ ಏಳಲಿಲ್ಲ. ಮೂರನೆಯ ಕಿಟಕಿಯಲ್ಲಿ ಅವನು ಒಂದು ಚೂರೂ ಕಡಿಮೆಯಾಗದೆ ತಿರುಗಿದ, ನಾಚಿದ, ನಕ್ಕ.

ಅವರು ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತರು. ನಾನು ಎರಡನೆಯ ಮಿಷಿನ್ನಿನಲ್ಲಿ ಪಿಕ್ಚರ್ ಶುರುಮಾಡಿ ತಿರುಗುವವರೆಗೂ ಕಾದರು.

"ಅವತ್ತು ಸುಟ್ಟಿದ್ದು ಯಾರ್ನಪ್ಪಾ?"

ಯಾಕೋ ಸುಳ್ಳು ಬಾಯಿಗೆ ಬರಲಿಲ್ಲ. "ಅದೇ, ಇಮಾನದಿಂದ ಇಳೀತಾನಲ್ಲ, ಟೋಪಿಯೋನು" ಎಂದೆ. ಬೈಯುತ್ತಾರೆ, ಮಣ್ಣು ತೂರಿ ಶಾಪ ಹಾಕುತ್ತಾರೆ ಎಂದುಕೊಂಡೆ. ಅವರು ತಮ್ಮ ಬೋಳು ಕೈಗಳನ್ನು ನೋಡಿಕೊಂಡರು.

"ಅವ್ನಿಗೂ ಒಬ್ಳು ಎಂಡ್ತಿ ಇರ್ತಾಳೆ" ಎಂದರು. "ಪಾಪ, ಅವ್ಳಿಗೆ ಯಾರೂ ಯೋಳೇ ಇಲ್ಲ."

ಆಮೇಲೆ ಬಂದ ವಿಷಯ ಹೇಳಿದರು. ನನ್ನವರನ್ನು ನನಗೆ ಕೊಟ್ಟುಬಿಡು, ಇಲ್ಲಿ ಕಂಡೋರೆಲ್ಲ ನೋಡಿ ನಗುವುದು ಬೇಡ ಎಂದರು. ಅಷ್ಟೇ ಕೇಳಿದ್ದು. ಇದನ್ನಾದರೂ ಕೊಟ್ಟು ಋಣ ಹರಿದುಕೊಳ್ಳೋಣ ಎಂದು ನಾನು ಕತ್ತರಿ ತೆಗೆದು ಹದಿಮೂರೂವರೆ ಅಡಿಯನ್ನೂ ಕತ್ತರಿಸಿ, ಸುತ್ತಿ, ಅವರ ಕೈಗಿಟ್ಟೆ. ಅವರು ಒಂದು ತುದಿಯನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದಿಷ್ಟು ಬಿಚ್ಚಿ ನೋಡಿದರು.

"ಇವ್ರು ನಗ್ತಾನೇ ಇಲ್ವಲ್ಲಪ್ಪ."

ಅದು ನನಗೆ ಮೊದಲೇ ಗೊತ್ತಿತ್ತು. ಕೈಯಲ್ಲಿ ಹಿಡಿದ ಫಿಲ್ಮಿನಲ್ಲಿ ಯಾರೂ ನಗುವುದಿಲ್ಲ, ಯಾರೂ ತಿರುಗುವುದಿಲ್ಲ. ಒಂದೊಂದು ಚೌಕದಲ್ಲೂ ಸುಮ್ಮನೆ ಕೂತಿರುತ್ತಾರೆ, ಕೆಲವುಗಳಲ್ಲಿ ಕಣ್ಣು ಅರ್ಧ ಮುಚ್ಚಿ ಬಾಯಿ ಅರ್ಧ ತೆರೆದು ಹೆಣದ ಹಾಗಿರುತ್ತಾರೆ. ಕತ್ತರಿಸುವ ಮೊದಲು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಒಮ್ಮೆ ಕೊಟ್ಟು ಕೈ ತೊಳೆದುಕೊಂಡರೆ ಸಾಕಾಗಿತ್ತು ನನಗೆ. ಈಗ ಅವರ ಮುಖ ನೋಡಲಾರದೆ ಬಾಯಿಗೆ ಬಂದದ್ದು ಹೇಳಿದೆ.

"ನಗು ಅದ್ರಲ್ಲಿರಲ್ಲ ಕಣವ್ವ, ಮಿಷಿನ್ನಲ್ಲಿರ್ತದೆ."

ಅವರು ಮಿಷಿನ್ನನ್ನು ಒಮ್ಮೆ ನೋಡಿದರು. ಸುರುಳಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ಮತ್ತೆ ಬಂದದ್ದು ಪಿತೃಪಕ್ಷ ಕಳೆದ ಮೇಲೆ. ಆ ಸಂಜೆ ಜನ ಕಡಿಮೆ, ಮೋಡ ಕವಿದಿತ್ತು. ಸೆರಗಿನ ಗಂಟು ಬಿಚ್ಚಿ ಸುರುಳಿಯನ್ನು ನನ್ನ ಮುಂದಿಟ್ಟರು. ಬೆಳಕಿಗೆ ಹಿಡಿದೆ. ಏನೂ ಇರಲಿಲ್ಲ. ರೈಲಿಲ್ಲ, ಕಿಟಕಿಯಿಲ್ಲ, ಅವನಿಲ್ಲ. ಗಾಜಿನಂತೆ ಖಾಲಿ ಫಿಲ್ಮು, ಎರಡು ಅಂಚಿನಲ್ಲಿ ತೂತುಗಳು ಮಾತ್ರ.

ಆದದ್ದನ್ನು ಅವರೇ ಹೇಳಿದರು. ಈಗ ವಿಧವೆಯಾದ ಮೇಲೆ ಪಿತೃಪಕ್ಷದಲ್ಲಿ ಗಂಡನಿಗೆ ಎಡೆ ಇಡಬೇಕಲ್ಲ. ಎಲ್ಲರ ಮನೆಯಲ್ಲೂ ಹಿರಿಯರ ಫೋಟೋ ಒರೆಸಿ, ಹೂವು ಹಾಕಿ, ಅವರಿಗೆ ಇಷ್ಟವಾದದ್ದು ಬೇಯಿಸಿ ಮುಂದೆ ಇಡುತ್ತಾರೆ. ಇವರ ಹತ್ತಿರ ಇದ್ದದ್ದು ಇದೇ. ಮೂವತ್ತು ವರ್ಷದ ಎಣ್ಣೆ, ಕಾರ್ಬನ್ ಮಸಿ, ಧೂಳು ಎಲ್ಲ ಮೆತ್ತಿಕೊಂಡಿತ್ತು.

"ಇಂಗೇ ಕೊಳೇಲಿ ಯಂಗಪ್ಪ ಎಡೆಗ್ ಮಡಗೋದು? ಅದ್ಕೆ ಬಿಸ್ನೀರ್ ಕಾಯ್ಸಿ, ಸೀಗೇಪುಡಿ ಆಕಿ ತೊಳ್ದೆ. ಮದ್ವೆ ಆದ್ ವರ್ಸ ಇಂಗೇ ಬೆನ್ನು ಉಜ್ಜಿ ನೀರಾಕಿದ್ದೆ. ಕೈಗ್ ಕಪ್ ಕಪ್ಪಾಗಿ ಬಂತು. ಕೊಳೆ ಅನ್ಕಂಡೆ."

ಬಿಸಿನೀರಿಗೆ ಫಿಲ್ಮಿನ ಮೇಲಿನ ಪದರ ಕರಗಿ ಎದ್ದುಬರುತ್ತದೆ. ಚಿತ್ರ ಇರುವುದೇ ಆ ಪದರದಲ್ಲಿ. ತಮ್ಮ ಗಂಡನನ್ನು ಅವರು ತಮ್ಮ ಕೈಯಿಂದಲೇ ಉಜ್ಜಿ ಉಜ್ಜಿ ಬಚ್ಚಲಿಗೆ ಬಿಟ್ಟಿದ್ದರು. ಈ ಮಾತನ್ನು ನಾನು ಹೇಳಲಿಲ್ಲ. ನನ್ನ ಬಾಯಿಂದ ಅವರಿಗೆ ಸತ್ಯವೂ ಒಳ್ಳೆಯದು ಮಾಡಿರಲಿಲ್ಲ, ಸುಳ್ಳೂ ಮಾಡಿರಲಿಲ್ಲ.

"ಓಗ್ಲಿ ಬುಡು" ಎಂದರು. "ಇದ್ದ ಜಾಗಕ್ಕೇ ಅಂಟುಸ್ಬುಡಪ್ಪ. ನಗು ಮಿಷಿನ್ನಲ್ಲೇ ಇರ್ತದೆ ಅಂದ್ಯಲ್ಲ ನೀನು."

ಇಲ್ಲ ಎನ್ನುವ ಯೋಗ್ಯತೆ ನನಗಿರಲಿಲ್ಲ. ತುದಿಗಳನ್ನು ಕೆರೆದೆ, ಸಿಮೆಂಟು ಹಚ್ಚಿದೆ, ಒತ್ತಿ ಹಿಡಿದೆ. ಅಂದು ರಗಳೆ ಎಂದು ಮಾಡದೆ ಬಿಟ್ಟ ಜಾಯಿಂಟನ್ನು ಇಂದು ಎಂದೂ ಹಾಕದಷ್ಟು ಜೋಪಾನವಾಗಿ ಹಾಕಿದೆ. ಅವರು ಹೋಗಿ ತಮ್ಮ ಕಂಬದ ಹತ್ತಿರ ನಿಂತರು.

ದೊರೆ ಇಳಿದ, ಟೋಪಿ ಎತ್ತಿದ, ಸಹಿ ಮಾಡಿದ. ರೈಲು ಬಂತು. ಮೊದಲನೆಯ ಕಿಟಕಿ, ಎರಡನೆಯ ಕಿಟಕಿ. ಆಮೇಲೆ ಪರದೆಯ ತುಂಬ ಬಿಳಿ ಬೆಳಕು. ಧ್ವನಿಯ ಗೆರೆಯೂ ತೊಳೆದುಹೋಗಿದ್ದರಿಂದ ಪುರಾಣದ ದನಿ ನಿಂತುಹೋಯಿತು, ಮಿಷಿನ್ನಿನ ಕಟಕಟ ಒಂದೇ ಕೇಳುತ್ತಿತ್ತು. ಟೆಂಟೆಲ್ಲ ಹಗಲಾಯಿತು. ನೆಲದಲ್ಲಿ ಕೂತವರು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಶಿಳ್ಳೆ ಹೊಡೆದರು, ಲೇ ಆಪರೇಟ್ರು ಎಂದು ಬೈದರು. ಅವರು ಮಾತ್ರ ಎಂದಿನಂತೆ ಎರಡು ಹೆಜ್ಜೆ ಮುಂದೆ ಬಂದು, ಬೋಳು ಹಣೆ ಎತ್ತಿ, ಆ ಬಿಳಿಯನ್ನೇ ನೋಡುತ್ತಿದ್ದರು. ನಾನು ಎಣಿಸುತ್ತಿದ್ದೆ. ಏಳಕ್ಕೋ ಎಂಟಕ್ಕೋ ಅವರು ಪರದೆಯಿಂದ ಮುಖ ತಿರುಗಿಸಿ, ನಗು ಇರುವ ಮಿಷಿನ್ನಿನ ಕಡೆ, ನಾನು ಇಣುಕುತ್ತಿದ್ದ ಕಿಂಡಿಯ ಕಡೆ ನೋಡಿದರು. ಹಾಕಿ ಶುರುವಾದಾಗಲೂ ಹಾಗೇ ನೋಡುತ್ತಿದ್ದರು.